ಬಾಗಿಲ ಪಕ್ಕದ ಎರಡು ಹಸಿ ಬಿದಿರು

ಗಾಳದ ಕೋಲನ್ನು ಚಳಿಗಾಲದಲ್ಲಿ ಒಲೆಯ ಪಕ್ಕ ಒರಗಿಸಬಾರದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಮಾಡುವ ತಪ್ಪು ಇದೇ. ಕೆರೆಯಿಂದ ಬಂದಾಗ ಕೋಲು ಇಬ್ಬನಿಯಲ್ಲಿ ನೆನೆದಿರುತ್ತದೆ, ನಮ್ಮ ಕೈ ಮರಗಟ್ಟಿರುತ್ತದೆ, ನಾವು ಕಾಯಿಸಿಕೊಳ್ಳುವಾಗ ಅದೂ ಕಾಯಲಿ ಎಂದು ಬೆಂಕಿಯ ಹತ್ತಿರ ನಿಲ್ಲಿಸಿಬಿಡುತ್ತೇವೆ. ಹೊರಗಿನ ತೇವ ಗಳಿಗೆಯಲ್ಲಿ ಆರುತ್ತದೆ, ಒಳಗಿನದು ಆರುವುದಿಲ್ಲ. ಮೂರನೇ ದಿನ ನೋಡಿದರೆ ಗೆಣ್ಣಿನ ಪಕ್ಕ ಕೂದಲೆಳೆಯಷ್ಟು ಸೀಳು. ಅದಕ್ಕೇ ಮೊದಲು ಒಣಬಟ್ಟೆಯಲ್ಲಿ ಬುಡದಿಂದ ತುದಿಗೆ ಒರೆಸಬೇಕು, ಗಾಳಿಯಾಡುವ ಕಡೆ ನೇತುಹಾಕಬೇಕು, ಆಮೇಲೆ ಹರಳೆಣ್ಣೆ. ಮಾಗಿಯಲ್ಲಿ ಹರಳೆಣ್ಣೆ ಗಟ್ಟಿಯಾಗಿ ಸೀಸೆಯಿಂದ ಇಳಿಯುವುದೇ ಇಲ್ಲ. ಸೀಸೆಯನ್ನು ಲಂಗದ ಮಡಿಕೆಯಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಒಂದು ಸುತ್ತು ಮನೆಗೆಲಸ ಮುಗಿಸಿದರೆ ಮೈಯ ಕಾವಿಗೆ ಸರಿಯಾದ ಹದಕ್ಕೆ ಬರುತ್ತದೆ. ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಲಿಲ್ಲ. ಹತ್ತನೇ ವಯಸ್ಸಿನಲ್ಲಿ, ಚಿನ್ನದ ಗಣಿಯೂರಾದ ಕೋರಮಂಡಲ್‌ನ ಒಂದು ಲೈನ್ ಮನೆಯಲ್ಲಿ, ಅಪ್ಪನ ನಾಲ್ಕು ಕೋಲುಗಳನ್ನು ನೋಡಿ ನೋಡಿ ನಾನೇ ಕಲಿತದ್ದು.

ಲೈನ್ ಮನೆ ಅಂದರೆ ಗಣಿಯ ಕೂಲಿಗಳಿಗೆ ಸಾಲಾಗಿ ಕಟ್ಟಿಕೊಟ್ಟ ಮನೆ. ಒಂದೇ ಕೋಣೆ, ಮುಂದೆ ಒಬ್ಬರು ಕಾಲು ಚಾಚಿ ಕೂರುವಷ್ಟು ಜಗಲಿ, ತಟ್ಟಿಯ ಗೋಡೆಗೆ ಮಣ್ಣು ಮೆತ್ತಿ ಸುಣ್ಣ ಬಳಿದದ್ದು, ಮೇಲೆ ತಗಡು. ಪಕ್ಕದ ಮನೆಯ ಕನ್ನಮ್ಮತ್ತೆ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು. ಚಳಿಗಾಲದ ಬೆಳಗ್ಗೆ ತಗಡಿನ ಒಳಮೈಯಲ್ಲಿ ನೀರು ಹನಿಗಟ್ಟಿ ಮುಖದ ಮೇಲೆ ಬೀಳುತ್ತಿತ್ತು, ನನಗೆ ಎಚ್ಚರವಾಗುತ್ತಿದ್ದುದೇ ಆ ಹನಿಗೆ. ನನ್ನನ್ನು ಆ ಮನೆಗೆ ಕಳಿಸಿದ್ದು ಅಡುಗೆ ಮಾಡಲು. ಅಮ್ಮ, ತಮ್ಮ, ಎರಡು ಎಮ್ಮೆ, ರಾಗಿ ಹೊಲ ಎಲ್ಲ ಬೂದಿಕೋಟೆಯಲ್ಲಿ. ಅಪ್ಪ ಒಬ್ಬನೇ ಇಲ್ಲಿ ಗಣಿಗೆ ಇಳಿಯುತ್ತಿದ್ದ. ಹೋಟೆಲಿನ ಊಟ ತಿಂದು ತಿಂದು ಅವನಿಗೆ ಹೊಟ್ಟೆನೋವು ಹಿಡಿಯಿತು. ಅಮ್ಮ ಬಂದರೆ ಹೊಲ ನೋಡುವವರಿಲ್ಲ, ತಮ್ಮ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಎರಡು ದಿನ ಮನೆಯಲ್ಲಿ ಜಗಳವಾಗಿ, ಮುದ್ದೆ ಕಟ್ಟಲು ಬರುವ ಇನ್ನೊಂದು ಜೀವ ನಾನೊಬ್ಬಳೇ ಎಂದು ತೀರ್ಮಾನವಾಯಿತು. ಸ್ಕೂಲಿಗೂ ಅಲ್ಲೇ ಹೋಗಲಿ ಎಂದರು. ನನಗೆ ಖುಷಿಯೇ ಆಯಿತು. ಅಪ್ಪನ ಜೊತೆ ಇರುತ್ತೇನೆ ಅಂದುಕೊಂಡಿದ್ದೆ.

ಜೊತೆ ಅನ್ನುವುದು ಅಲ್ಲಿ ಇರಲಿಲ್ಲ. ಬೆಳಗಿನ ಶಿಫ್ಟು ಇದ್ದರೆ ನಾನು ಏಳುವ ಮೊದಲೇ ಹೋಗಿರುತ್ತಿದ್ದ. ನಾನು ಸ್ಕೂಲಿಂದ ಬರುವ ಹೊತ್ತಿಗೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಮಧ್ಯಾಹ್ನದ ಶಿಫ್ಟು ಇದ್ದರೆ ನಾನು ಬರುವಾಗ ಮನೆಗೆ ಬೀಗ. ಬೀಗದ ಕೈ ಕನ್ನಮ್ಮತ್ತೆಯ ಹತ್ತಿರ. ನಮ್ಮಿಬ್ಬರ ಮಾತು ನಡೆಯುತ್ತಿದ್ದುದು ಪಾತ್ರೆಗಳ ಮೂಲಕ. ನಾನು ಎರಡು ಮುದ್ದೆ ಮಾಡಿ ಮುಚ್ಚಿಟ್ಟರೆ ಒಂದೂವರೆ ತಿಂದು ಅರ್ಧ ಬಿಟ್ಟಿರುತ್ತಿದ್ದ, ಅದು ನನಗೆ ಅಂತ. ಸಾರಿಗೆ ಉಪ್ಪು ಜಾಸ್ತಿಯಾಗಿದ್ದರೆ ನೀರಿನ ಚೊಂಬು ಪೂರ್ತಿ ಖಾಲಿಯಾಗಿರುತ್ತಿತ್ತು, ಅಷ್ಟೇ. ಬೈದದ್ದಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಅವನು ಮಲಗಿದ್ದಾಗ ಮನೆಯಲ್ಲಿ ಸದ್ದಾಗಬಾರದು. ಸೌಟು ಕೆಳಗಿಡುವಾಗ ಸೀರೆಯ ಚೂರು ಹಾಸಿ ಅದರ ಮೇಲೆ ಇಡುವುದನ್ನು ಕಲಿತೆ. ಪಾಠವನ್ನು ತುಟಿಯಲ್ಲೇ ಓದುವುದನ್ನು ಕಲಿತೆ. ಈಗಲೂ ನಾನು ಬಾಗಿಲು ಹಾಕಿದರೆ ಯಾರಿಗೂ ಕೇಳಿಸುವುದಿಲ್ಲ.

ಆ ಮನೆಯಲ್ಲಿ ಅಪ್ಪ ಪ್ರೀತಿಯಿಂದ ಮುಟ್ಟುತ್ತಿದ್ದ ವಸ್ತು ಅಂದರೆ ಗಾಳದ ಕೋಲುಗಳು. ಒಲೆಯ ಎದುರು ಗೋಡೆಯಲ್ಲಿ, ತೊಲೆಯ ಕೆಳಗೆ, ತೊಗಲಿನ ಕುಣಿಕೆಗಳಲ್ಲಿ ಅವುಗಳನ್ನು ತೂಗುಹಾಕಿದ್ದ. ಹೊಗೆ ತಾಗಬೇಕು, ಕಾವು ತಾಗಬಾರದು, ಅದು ಲೆಕ್ಕ. ನಾಲ್ಕಕ್ಕೂ ನಾನು ಹೆಸರಿಟ್ಟಿದ್ದೆ. ಎಲ್ಲಕ್ಕಿಂತ ನೀಳವಾದದ್ದು ಉದ್ದಪ್ಪ. ಹೊಗೆ ಕುಡಿದು ಹೊಂಗೆಬೀಜದ ಬಣ್ಣಕ್ಕೆ ತಿರುಗಿದ್ದು ಕರಿಯಕ್ಕ. ಸಣ್ಣದು ಗಿಡ್ಡಿ. ನಾಲ್ಕನೆಯದು ಎರಡು ತುಂಡಿನದು, ನಡುವೆ ಹಿತ್ತಾಳೆಯ ಕೊಳವೆ, ಅಪ್ಪನೇ ಕೂರಿಸಿದ್ದು. ಅದು ಜೋಡಿಯಮ್ಮ. ಜೋಡಿಯಮ್ಮನ ಸ್ವಭಾವ ಹೇಳಬೇಕು. ಚಳಿಗೆ ಹಿತ್ತಾಳೆ ಬಿಗಿದು ಎರಡು ತುಂಡೂ ಕಚ್ಚಿಕೊಂಡುಬಿಡುತ್ತವೆ. ಕೈಯಲ್ಲಿ ತಿರುಚಿದರೆ ಬಿದಿರು ಸೀಳುತ್ತದೆ, ಬಿಸಿ ತೋರಿಸಿದರೆ ಒಳಗಿನ ಅರಗು ಬಿಡುತ್ತದೆ. ಅಪ್ಪ ಹೇಗೆ ಬಿಡಿಸುತ್ತಾನೆ ಎಂದು ಕಂಬಳಿಯೊಳಗಿಂದ ಕಣ್ಣು ಕಿರಿದು ಮಾಡಿ ನೋಡಿದ್ದೆ. ಕುಕ್ಕರಗಾಲಲ್ಲಿ ಕೂತು, ಕೋಲನ್ನು ಮಂಡಿಯ ಹಿಂದಿನ ಮಡಿಕೆಯಲ್ಲಿ ಇಟ್ಟು, ಎರಡು ಕಡೆ ಕೈಯಲ್ಲಿ ಹಿಡಿದು, ಮಂಡಿಗಳನ್ನು ಮೆಲ್ಲಗೆ ಅಗಲಿಸುತ್ತಿದ್ದ. ಕೊಳವೆ ನಿಟ್ಟುಸಿರು ಬಿಟ್ಟ ಹಾಗೆ ಬಿಟ್ಟುಕೊಳ್ಳುತ್ತಿತ್ತು. ಮತ್ತೆ ಸೇರಿಸುವ ಮೊದಲು ಹಿತ್ತಾಳೆಯ ಮೂತಿಯನ್ನು ತಲೆಗೂದಲಿಗೆ ಉಜ್ಜುತ್ತಿದ್ದ. ಕೂದಲ ಜಿಡ್ಡೇ ಅದಕ್ಕೆ ಮದ್ದು. ಅವನು ಗಣಿಗೆ ಹೋದಮೇಲೆ ನಾನೂ ಹಾಗೇ ಮಾಡಿ ನೋಡುತ್ತಿದ್ದೆ. ಎಣ್ಣೆ ಸವರುತ್ತಿದ್ದೆ, ಕುಟ್ಟೆಹುಳದ ತೂತು ಇದೆಯೇ ಎಂದು ಒಂದೊಂದು ಗೆಣ್ಣನ್ನೂ ಉಗುರಲ್ಲಿ ತಡವುತ್ತಿದ್ದೆ. ಅವುಗಳ ಜೊತೆ ಮಾತಾಡುತ್ತಿದ್ದೆ ಅಂದರೆ ನಗಬೇಡಿ, ಬೇರೆ ಯಾರಿದ್ದರು.

ಭಾನುವಾರ ಅಪ್ಪ ಕೋಲು ಹಿಡಿದು ಬೆಳಗಿನ ರೈಲಿಗೆ ಬಂಗಾರಪೇಟೆಗೆ ಹೋಗುತ್ತಿದ್ದ. ಅಲ್ಲಿಂದ ನಡೆದರೆ ಒಂದು ಕೆರೆ. ಮಧ್ಯಾಹ್ನದ ರೈಲಿಗೆ ನಾಲ್ಕಾರು ಮೀನಿನ ಜೊತೆ ವಾಪಸ್ಸು, ಕೆಲವು ಸಲ ಬರಿಗೈ. ಆ ಒಂದು ದಿನ ಅವನು ಎಚ್ಚರವಾಗಿರುವ ದಿನ, ಅವತ್ತೂ ನಾನು ಒಬ್ಬಳೇ. ನನಗೆ ಬೇಕಾಗಿದ್ದುದು ಒಂದೇ, ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋಗಬೇಕು. ಮೀನು ಹಿಡಿಯುವುದಕ್ಕಲ್ಲ, ಅವನ ಪಕ್ಕ ಕೂರುವುದಕ್ಕೆ. ದೀಪಾವಳಿ ಕಳೆದಮೇಲೆ ಧೈರ್ಯ ಮಾಡಿ ಕೇಳಿದೆ. ಅಪ್ಪ ಕೊಕ್ಕೆಗೆ ದಾರ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ.

"ಕೋಲಿಲ್ದೆ ಕೆರೆತಾವ ಬಂದು ಏನ್ ಮಾಡ್ತೀಯ ನಾಗಿ. ನಿನ್ಗೇ ಅಂತ ಒಂದು ಕೋಲು ಆಗ್ಲಿ, ಆಮ್ಯಾಕೆ ನೋಡಾನ."

ತಪ್ಪಿಸಿಕೊಳ್ಳಲು ಹೇಳಿದ ಮಾತು ಅದು ಎಂದು ಈಗ ಗೊತ್ತಾಗುತ್ತದೆ. ಆಗ ನನಗೆ ಅದು ಕೊಟ್ಟ ಮಾತಿನ ಹಾಗೇ ಕೇಳಿಸಿತು. ಅವನ ನಾಲ್ಕರಲ್ಲಿ ಒಂದನ್ನು ಕೇಳಬಹುದಿತ್ತು, ಆದರೆ ನನಗೇ ಅಂತ ಆಗಬೇಕು ಅಂದಿದ್ದನಲ್ಲ. ಸರಿ, ಮಾಡಿಯೇ ತೋರಿಸುತ್ತೇನೆ ಅಂದುಕೊಂಡೆ. ಬಿದಿರು ಎಲ್ಲಿ ಸಿಗುತ್ತದೆ, ಯಾವ ಕಾಲದ್ದು ಒಳ್ಳೆಯದು ಎಂದು ಸಿಕ್ಕಸಿಕ್ಕವರನ್ನು ಕೇಳಿದೆ. ಬಂಗಾರಪೇಟೆಯ ಸ್ಟೇಷನ್ ಹಿಂದೆ ಬುಟ್ಟಿ ಹೆಣೆಯುವ ಮುನಿಯಮ್ಮ ಅನ್ನುವ ಮೇದರ ಮುದುಕಿಯ ಹತ್ತಿರ ಒಳ್ಳೆಯ ಕಲ್ಲುಬಿದಿರು ಬರುತ್ತದೆ ಎಂದು ಗೊತ್ತಾಯಿತು. ಕ್ರಿಸ್‌ಮಸ್ ರಜೆಯಲ್ಲಿ ಒಂದು ಶನಿವಾರ, ಅಪ್ಪನಿಗೆ ಬೆಳಗಿನ ಶಿಫ್ಟು. ಊರಿಂದ ಅಮ್ಮ ಕಳಿಸಿದ್ದ ಸೊಗಡಿನ ಅವರೆಕಾಯಿ ಒಂದು ಚೀಲ ಇತ್ತು. ಅದನ್ನು ಹೊತ್ತುಕೊಂಡು ರೈಲು ಹತ್ತಿದೆ. ಅವರೆಕಾಯಿಗೆ ಬದಲು ಬಿದಿರು ಕೊಡುತ್ತೀಯಾ ಎಂದು ಕೇಳಿದಾಗ ಮುನಿಯಮ್ಮ ಒಂದು ಕಾಯಿ ಬಿಡಿಸಿ ಮೂಸಿ ನೋಡಿ ಚೀಲವನ್ನು ಪಕ್ಕಕ್ಕೆ ಎಳೆದುಕೊಂಡಳು. ಅಷ್ಟರಲ್ಲೇ ವ್ಯಾಪಾರ ಮುಗಿಯಿತು.

ಕೋಲು ಆರಿಸುವುದು ಹೇಗೆ ಅನ್ನುವುದನ್ನು ಅವಳು ಅರ್ಧ ಗಂಟೆ ಹೇಳಿದಳು, ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಮೈಮೇಲೆ ಬಿಳಿ ಪುಡಿ ಇದ್ದರೆ ಅದು ಎಳೆಯದು, ಬಿಡು. ಹಸಿರು ಸ್ವಲ್ಪ ಮಾಸಿ ಬೂದಿಯ ಕಡೆ ತಿರುಗಿರಬೇಕು. ಗೆಣ್ಣು ಒತ್ತೊತ್ತಾಗಿರಬೇಕು. ಕಲ್ಲಲ್ಲಿ ತಟ್ಟಿದರೆ ಟಣ್ ಅನ್ನಬೇಕು, ಡಬ್ ಅನ್ನಬಾರದು. ತುದಿ ಬಗ್ಗಿಸಿ ಬಿಟ್ಟರೆ ಎರಡು ಸಲ ಅಲುಗಾಡಿ ಮೂರನೇ ಸಲಕ್ಕೆ ನಿಲ್ಲಬೇಕು.

"ಮಾಗೀಲೇ ಕಡೀಬೇಕು ಬಿಡ್ಡ. ಚಳಿಗೆ ರಸ ಎಲ್ಲಾ ಬೇರಿಗಿಳ್ದಿರ್ತದೆ. ಬ್ಯಾಸ್ಗೇಲಿ ಕಡ್ದಿದ್ದು ಕುಟ್ಟೆ ಇಡ್ದು ಇಟ್ಟಾಗೋಯ್ತದೆ."

ಮೂವತ್ತು ಬಿದಿರನ್ನು ತಟ್ಟಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ಕೊನೆಗೆ ಒಂದನ್ನು ಎತ್ತಿಕೊಂಡೆ. ಮುನಿಯಮ್ಮ ಅದೇ ಅಳತೆಯ ಇನ್ನೊಂದನ್ನು ಸೇರಿಸಿದಳು. ಒಣಗುವಾಗ ಒಂದು ಸೀಳಿದರೆ ಇನ್ನೊಂದು ಇರಲಿ ಅಂದಳು. ಕೋಲಿಗೆ ಬೇಕಾದದ್ದು ಸಣ್ಣಗಿರುವ ತುದಿಯ ಭಾಗ, ಆದರೆ ಬುಡ ಸಮೇತ ಒಣಗಿಸಿದರೆ ಸೀಳು ಬುಡದಲ್ಲೇ ನಿಂತುಬಿಡುತ್ತದೆ, ಅದಕ್ಕೆ ದಪ್ಪ ಬುಡ ಹಾಗೇ ಇರಲಿ ಎಂದಳು. ಎರಡನ್ನೂ ನಾರಿನಲ್ಲಿ ಬಿಗಿದು ನನ್ನ ಹೆಗಲ ಮೇಲೆ ಇಟ್ಟು, ಕೊನೆಯದಾಗಿ ಒಂದು ಮಾತು ಹೇಳಿದಳು.

"ಅಸಿ ಬಿದ್ರು ಮನೆ ಒಳಿಕ್ಕೆ ಮಾತ್ರ ಇಕ್ಕಬ್ಯಾಡ. ಒಳ್ಳೇದಲ್ಲ."

ಯಾಕೆ ಎಂದು ನಾನು ಕೇಳಲಿಲ್ಲ. ರೈಲಿನಲ್ಲಿ ಎಲ್ಲರೂ ನನ್ನನ್ನು ವಿಚಿತ್ರವಾದ ಅಕ್ಕರೆಯಿಂದ ನೋಡಿದರು. ಒಬ್ಬಾತ ಎದ್ದು ಸೀಟು ಬಿಟ್ಟುಕೊಟ್ಟ. ಹಾಲಿನ ಕ್ಯಾನಿನ ಪಕ್ಕ ಕೂತಿದ್ದ ಒಬ್ಬ ಅಜ್ಜಿ ನನ್ನ ಗಲ್ಲ ಸವರಿ, ದೊಡ್ಡವರು ಯಾರೂ ಬರಲಿಲ್ಲವೇನಮ್ಮ ಎಂದು ಕೇಳಿದಳು. ಅಪ್ಪ ಗಣಿಯಲ್ಲಿದ್ದಾನೆ, ಅಮ್ಮ ಊರಲ್ಲಿದ್ದಾಳೆ, ನಾನೇ ಬಂದೆ ಅಂದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಕೋರಮಂಡಲ್‌ನಲ್ಲಿ ಇಳಿದಾಗ ಯಾರೋ ಬಿದಿರನ್ನು ಸ್ಟೇಷನ್ ಬಾಗಿಲವರೆಗೆ ಹೊತ್ತುಕೊಟ್ಟರು. ಎಷ್ಟು ಒಳ್ಳೆಯ ಜನ ಅಂದುಕೊಂಡೆ. ಎಷ್ಟೋ ತಿಂಗಳಿಂದ ನನ್ನನ್ನು ಯಾರೂ ಹಾಗೆ ಮುಟ್ಟಿರಲಿಲ್ಲ.

ಮನೆಗೆ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು, ಲೈನಿನಲ್ಲಿ ಯಾರೂ ಕಾಣಲಿಲ್ಲ. ಒಳಗೆ ಇಡಬೇಡ ಅಂದಿದ್ದಳಲ್ಲ, ಬಾಗಿಲ ಪಕ್ಕದ ಗೋಡೆಗೆ ಎರಡನ್ನೂ ಒರಗಿಸಿದೆ. ಒಣಗಾಳಿಗೆ ಬೇಗ ಒಣಗಿ ಸೀಳದಿರಲಿ ಎಂದು ಕಡಿದ ಬುಡಕ್ಕೆ ಸಗಣಿ ಮೆತ್ತಿದೆ. ಆಮೇಲೆ ಹಗ್ಗ ತೆಗೆದುಕೊಂಡು ಕಲ್ಲು ಹುಡುಕಲು ಹೋದೆ. ಬಿದಿರನ್ನು ತುದಿಯಿಂದ ತೂಗುಹಾಕಿ ಬುಡಕ್ಕೆ ಭಾರ ಕಟ್ಟಿದರೆ ನೆಟ್ಟಗೆ ಒಣಗುತ್ತದೆ. ಸರಿಯಾದ ಕಲ್ಲು ಸಿಗುವುದು ಸುಲಭವಲ್ಲ, ನಡು ಸಣ್ಣಗಿರಬೇಕು, ಹಗ್ಗ ಜಾರಬಾರದು. ಗಣಿಯ ಕಸದ ಮಣ್ಣು ಸುರಿದು ಗುಡ್ಡೆಯಾಗಿದ್ದ ಸಯನೈಡ್ ದಿಬ್ಬದ ಆಚೆಗೂ ಹೋಗಿ ಅಲೆದೆ. ಅಷ್ಟು ಸಂತೋಷ ನನಗೆ ಆ ಊರಿನಲ್ಲಿ ಅದೇ ಮೊದಲು. ನಾಳೆ ಭಾನುವಾರ, ಅಪ್ಪನಿಗೆ ಬಿದಿರು ತೋರಿಸುತ್ತೇನೆ, ಒಣಗುವುದಕ್ಕೆ ಒಂದು ತಿಂಗಳು, ಶಿವರಾತ್ರಿ ಹೊತ್ತಿಗೆ ನಾನು ಕೆರೆಯ ದಡದಲ್ಲಿ ಎಂದು ಲೆಕ್ಕ ಹಾಕುತ್ತಾ ನಡೆದೆ.

ನನಗೆ ಎರಡು ವಿಷಯ ಗೊತ್ತಿರಲಿಲ್ಲ. ಬೆಳಗ್ಗೆ ನಾನು ಬಂಗಾರಪೇಟೆಯಲ್ಲಿ ಬಿದಿರು ತಟ್ಟುತ್ತಿದ್ದಾಗ ಗಣಿಯ ಒಳಗೆ ಎಲ್ಲೋ ಬಂಡೆ ಸಿಡಿದು, ಮೇಲೆ ನಮ್ಮ ಲೈನಿನ ಪಾತ್ರೆಗಳೆಲ್ಲ ನಡುಗಿದ್ದವು. ಹಾಗೆ ನಡುಗಿದಾಗ ಹೆಂಗಸರು ಒಲೆ ಆರಿಸಿ ಗಣಿಯ ಗೇಟಿಗೆ ಓಡುತ್ತಿದ್ದರು, ಸುದ್ದಿ ಸಿಗದೆ ತಿರುಗಿ ಬಂದರೂ ಗಂಡಸರು ಮೇಲೆ ಬರುವವರೆಗೆ ಮನೆಯೊಳಗೆ ಹೋಗುತ್ತಿರಲಿಲ್ಲ. ಇನ್ನೊಂದು ವಿಷಯ, ನಮ್ಮ ಕಡೆ ಚಟ್ಟ ಕಟ್ಟುವುದು ಹಸಿ ಬಿದಿರಿನಲ್ಲಿ. ಉದ್ದಕ್ಕೆ ಎರಡು, ಅಡ್ಡಕ್ಕೆ ಸೀಳುಗಳು. ಸಾವಾದ ಮನೆಯ ಬಾಗಿಲ ಪಕ್ಕ ಮೊದಲು ಬಂದು ನಿಲ್ಲುವುದು ಆ ಎರಡು ಬಿದಿರೇ. ನಮ್ಮೂರಲ್ಲಿ ಮಕ್ಕಳನ್ನು ಅಂಥ ಮನೆಯ ಹತ್ತಿರ ಬಿಡುತ್ತಿರಲಿಲ್ಲ. ನಾನು ನೋಡಿರಲಿಲ್ಲ. ಒಳಗೆ ಇಡಬೇಡ ಅಂದ ಮುನಿಯಮ್ಮನಿಗೂ ಅವು ಬಾಗಿಲ ಪಕ್ಕ ನಿಂತರೆ ಹೇಗೆ ಕಾಣುತ್ತದೆ ಎಂದು ಹೊಳೆಯಲಿಲ್ಲ ಅನ್ನಿಸುತ್ತದೆ, ದಿನವೂ ಬಿದಿರಿನ ನಡುವೆ ಇರುವವಳಿಗೆ ಬಿದಿರು ಬಿದಿರಷ್ಟೆ.

ಕಲ್ಲನ್ನು ಸೊಂಟದ ಮೇಲೆ ಇಟ್ಟುಕೊಂಡು ತಿರುವಿಗೆ ಬಂದಾಗ ನಮ್ಮ ಮನೆಯ ಮುಂದೆ ಜನ. ಕನ್ನಮ್ಮತ್ತೆ ತಲೆಗೂದಲು ಬಿಚ್ಚಿಕೊಂಡು ನಮ್ಮ ಜಗಲಿಯ ಮೇಲೆ ಕೂತು ತಮಿಳಿನಲ್ಲಿ ಹಾಡಿಕೊಂಡು ಅಳುತ್ತಿದ್ದಳು. ನನ್ನನ್ನು ನೋಡಿದ್ದೇ ಎದ್ದು ಬಂದು ಕಲ್ಲಿನ ಸಮೇತ ತಬ್ಬಿಕೊಂಡಳು.

"ಎಲ್ಲೋಗಿದ್ದೆ ಕಣ್ಣು. ನಿಮ್ಮಪ್ಪ ನಮ್ಮನ್ನ ಬಿಟ್ಟೋಯ್ತು ಮಾ."

ಬೂದಿಕೋಟೆಗೆ ಆಗಲೇ ಒಬ್ಬರನ್ನು ಕಳಿಸಿದ್ದರು. ನನ್ನನ್ನು ಹೆಂಗಸರ ನಡುವೆ ಕೂರಿಸಿದರು. ನನಗೆ ಅಳು ಬರಲಿಲ್ಲ. ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ, ಯಾರೋ ತೆಗೆದುಕೊಳ್ಳಲು ಬಂದರೆ ಬಿಡಲಿಲ್ಲ. ಎದುರಿಗೇ ನನ್ನ ಬಿದಿರು ನಿಂತಿತ್ತು, ಆದರೆ ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಹೊಳೆಯಲೇ ಇಲ್ಲ. ಒಂದೇ ಯೋಚನೆ, ಇವತ್ತು ಬೆಳಗ್ಗೆ ಅವನು ಅರ್ಧ ಮುದ್ದೆ ಬಿಟ್ಟುಹೋಗಿದ್ದ, ಅದನ್ನು ನಾನು ತಿಂದಿರಲಿಲ್ಲ. ಪಕ್ಕದ ಲೈನಿನ ಗಂಗಪ್ಪ ಮಚ್ಚು ಹಿಡಿದು ಬಂದ. ಲೈನಿನಲ್ಲಿ ಯಾರು ಸತ್ತರೂ ಚಟ್ಟ ಕಟ್ಟುವವನು ಅವನೇ. ನನ್ನ ಕೈಯಲ್ಲಿದ್ದ ಹಗ್ಗವನ್ನು ಮೆಲ್ಲಗೆ ಬಿಡಿಸಿಕೊಂಡ. ಬಿದಿರಿನ ನಾರು ಕೊಯ್ದ. ಒಂದನ್ನು ನೆಲಕ್ಕೆ ಮಲಗಿಸಿ, ಅಳತೆ ನೋಡಿ, ಸಣ್ಣ ತುದಿಯನ್ನು ಕಡಿಯಲು ಮಚ್ಚು ಎತ್ತಿದ.

"ತುದಿ ಕಡೀಬ್ಯಾಡ ಮಾವ," ಅಂದೆ. "ಅದೇ ಬೇಕಾಗಿರಾದು."

"ಯಾತಕ್ಕಮ್ಮ?"

"ಗಾಳಕ್ಕೆ. ಅದು ನಂದು. ನಾನೇ ಬಂಗಾರಪ್ಯಾಟೆಯಿಂದ ತಂದಿದ್ದು."

ಹಾಡು ನಿಂತಿತು. ಗಂಗಪ್ಪ ಮಚ್ಚು ಕೆಳಗಿಟ್ಟು, ಸತ್ತ ಸುದ್ದಿ ತಂದವರು ಯಾರು ಎಂದು ಕೇಳಿದ. ಇವರು ಅವರನ್ನು ನೋಡಿದರು, ಅವರು ಇನ್ನೊಬ್ಬರನ್ನು. ಆಫೀಸಿನಿಂದ ಯಾರೂ ಬಂದಿರಲಿಲ್ಲ. ಪಾತ್ರೆ ನಡುಗಿದ್ದನ್ನು ಎಲ್ಲರೂ ಕಂಡಿದ್ದರು, ಆಮೇಲೆ ಬಿದಿರು ಕಂಡಿದ್ದರು, ಅಷ್ಟೇ. ಕನ್ನಮ್ಮತ್ತೆ ನನ್ನ ಬೆನ್ನಿಗೆ ಒಂದು ಗುದ್ದಿ, ಅದೇ ಕೈಯಲ್ಲಿ ಎಳೆದು ಎದೆಗೆ ಒತ್ತಿಕೊಂಡಳು. ಆದರೂ ಯಾರೂ ಮನೆಗೆ ಹೋಗಲಿಲ್ಲ. ಶಿಫ್ಟು ಬಿಡುವ ಹೊತ್ತು ಕಳೆದು ಬಹಳವಾಗಿತ್ತು, ಬೆಳಗ್ಗೆ ಇಳಿದವರಲ್ಲಿ ಒಬ್ಬರೂ ಮೇಲೆ ಬಂದಿರಲಿಲ್ಲ. ಈಗ ಸತ್ತಿದ್ದಾನೆ ಎಂದೂ ಅಲ್ಲ, ಬದುಕಿದ್ದಾನೆ ಎಂದೂ ಅಲ್ಲ. ಅಳುವುದಕ್ಕೂ ಆಗದೆ ಏಳುವುದಕ್ಕೂ ಆಗದೆ ಎಲ್ಲರೂ ಕೂತೇ ಇದ್ದರು, ನೆರಳು ಜಗಲಿ ದಾಟಿ ಬೀದಿಗೆ ಬಂತು.

ಬಿಸಿಲು ಹಳದಿಯಾದಾಗ ಲೈನಿನ ಆ ತುದಿಯಲ್ಲಿ ಗಂಡಸರು ಕಾಣಿಸಿಕೊಂಡರು. ಬಂಡೆ ಬಿದ್ದು ದಾರಿ ಕಟ್ಟಿತ್ತಂತೆ, ತೆರವು ಮಾಡುವವರೆಗೆ ಕೆಳಗೇ ಕೂರಿಸಿದ್ದರಂತೆ. ಅವರ ನಡುವೆ ಅಪ್ಪ. ಎಲ್ಲರ ಹಾಗೇ ಕಾಲೆಳೆದುಕೊಂಡು ಬರುತ್ತಿದ್ದ. ತಲೆ ಎತ್ತಿದ. ನಮ್ಮ ಬಾಗಿಲ ಮುಂದಿನ ಜನವನ್ನು ನೋಡಿದ, ಬಿದಿರನ್ನು ನೋಡಿದ, ಓಡತೊಡಗಿದ. ಅವನು ಓಡುವುದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಗಂಡಸರನ್ನು ತಳ್ಳಿಕೊಂಡು, ಗಂಗಪ್ಪನನ್ನು ತುಳಿದುಕೊಂಡು ಬಂದು ನನ್ನ ಮುಂದೆ ನಿಂತ. ಕೈ ಮುಂದೆ ಬಂತು, ಆದರೆ ಮುಟ್ಟಲಿಲ್ಲ. ಬಿದಿರು ತಂದದ್ದು ಈ ಹುಡುಗಿಯೇ ಎಂದು ಕನ್ನಮ್ಮತ್ತೆ ಹೇಳಿದಳು. ಅಪ್ಪ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ.

ಕತ್ತಲಾಗುವ ಮೊದಲೇ ಅಮ್ಮ ತಮ್ಮನನ್ನು ಎತ್ತಿಕೊಂಡು ಬಂದಳು. ಲೈನಿನ ತಲೆಯಿಂದಲೇ ಅವಳ ಗೋಳು ಕೇಳಿಸುತ್ತಿತ್ತು. ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ ಅಪ್ಪನನ್ನು ನೋಡಿ ಬಾಯಿ ಕಟ್ಟಿತು. ಹತ್ತಿರ ಬಂದು ಅವನ ಎದೆಗೆ ಮೂರು ನಾಲ್ಕು ಏಟು ಹೊಡೆದು, ಆಮೇಲೆ ಕುಡಿಯಲು ನೀರು ಕೇಳಿದಳು. ಸತ್ತನೆಂದು ಜನ ಅತ್ತು ಮುಗಿಸಿದ ಜೀವ ಹಾಗೇ ಹೊಸಲು ದಾಟಬಾರದು ಎಂದು ಆ ಚಳಿಯಲ್ಲಿ ಬೀದಿಯಲ್ಲೇ ಅವನ ತಲೆಗೆ ಅರಿಶಿನದ ನೀರು ಹುಯ್ದಳು. ಅವನು ಗಡಗಡ ನಡುಗುತ್ತಾ ನಿಂತಿದ್ದ. ಎಲ್ಲ ಮುಗಿದಮೇಲೆ ನನ್ನ ಸರದಿ. ಇಂಥ ಹುಡುಗಿಯನ್ನು ಒಂಟಿಯಾಗಿ ಬಿಟ್ಟದ್ದೇ ತಪ್ಪು, ಸೋಮವಾರವೇ ಊರಿಗೆ ಕರೆದುಕೊಂಡು ಹೋಗುತ್ತೇನೆ, ಗಂಡನನ್ನು ಚಟ್ಟಕ್ಕೆ ಏರಿಸಿದಳು ಎಂದು ಬೈಯುತ್ತಲೇ ಇದ್ದಳು. ಅಪ್ಪ ಒಂದೇ ಸಲ ಮಾತಾಡಿದ.

"ನನ್ನ ಚಟ್ಟ ಅಂತ ನಾನ್ಯಾಕೆ ಅನ್ಕೊಳ್ಲಿ. ಆ ಮನೇಲಿ ಇರಾದು ಇಬ್ರು. ನಾನು ನಡ್ಕೊಂಡು ಬತ್ತಾ ಇದೀನಿ."

ಅವನ ಕಣ್ಣು ನನ್ನ ಮೇಲೆ ಬಂದು ನಿಂತಿತು. ಅಮ್ಮ ಬೈಯುವುದನ್ನು ನಿಲ್ಲಿಸಿದಳು. ಚಟ್ಟಕ್ಕೆಂದು ಜನ ಅತ್ತ ಬಿದಿರನ್ನು ಬೇರೆ ಯಾವುದಕ್ಕೂ ಬಳಸುವ ಹಾಗಿಲ್ಲ, ಮನೆಯ ಹತ್ತಿರ ಇಡುವ ಹಾಗೂ ಇಲ್ಲ. ಅಪ್ಪ ಎದ್ದು ಒಂದನ್ನು ಎತ್ತಿಕೊಂಡ. ಒಂದು ಕಣ್ಣು ಮುಚ್ಚಿ ಬುಡದಿಂದ ತುದಿಯವರೆಗೆ ನೋಡಿದ. ಹೆಬ್ಬೆರಳಲ್ಲಿ ಗೆಣ್ಣು ಒತ್ತಿದ. ತುದಿಯನ್ನು ಬಗ್ಗಿಸಿ ಬಿಟ್ಟ.

"ಯಾರು ಆರ್ಸಿದ್ದು ಇದ?"

ನಾನೇ ಆರಿಸಿದ್ದು ಅಂದೆ. ಅಪ್ಪ ಇನ್ನೊಂದು ಸಲ ಬಗ್ಗಿಸಿ ಬಿಟ್ಟ. ಆಮೇಲೆ ಎರಡನ್ನೂ ಹೆಗಲ ಮೇಲೆ ಹೊತ್ತು ದಿಬ್ಬದ ಕಡೆ ನಡೆದ. ತನ್ನದೇ ಚಟ್ಟದ ಬಿದಿರನ್ನು ತಾನೇ ಹೊತ್ತುಕೊಂಡು ಹೋಗುತ್ತಿದ್ದವನನ್ನು ನೋಡಬಾರದೆಂದು ಲೈನಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ನನ್ನ ಕೋಲು ಹೋಯಿತು, ನನ್ನ ಭಾನುವಾರವೂ ಹೋಯಿತು ಎಂದು ನಾನು ಕಲ್ಲಿನ ಮೇಲೆ ಕೂತೆ.

ಮರುದಿನ ಮುಂಜಾನೆ ಯಾರೋ ಭುಜ ಅಲುಗಿಸಿದರು. ಅಪ್ಪ. ಉದ್ದಪ್ಪ, ಗಿಡ್ಡಿ ಎರಡೂ ಅವನ ಕೈಯಲ್ಲಿ. ಏಳು, ರೈಲಿಗೆ ಹೊತ್ತಾಯ್ತು ಅಂದ. ನಾನು ಎದ್ದ ವೇಗಕ್ಕೆ ತಮ್ಮನಿಗೆ ಎಚ್ಚರವಾಯಿತು. ಬಂಗಾರಪೇಟೆಯ ಆ ಕೆರೆಯ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕೂತಿತ್ತು. ಚಳಿಗೆ ಸೆಟೆದ ಕೋಲನ್ನು ಒಮ್ಮೆಲೇ ಬೀಸಬಾರದು, ಅಂಗೈಯಲ್ಲಿ ಉಜ್ಜಿ ಮೊದಲು ಬೆಚ್ಚಗೆ ಮಾಡಬೇಕು. ಅಪ್ಪ ಉದ್ದಪ್ಪನನ್ನು ಉಜ್ಜಿದ, ನಾನು ಗಿಡ್ಡಿಯನ್ನು ಉಜ್ಜಿದೆ. ನಾನು ಸರಿಯಾಗಿ ಮಾಡುತ್ತಿದ್ದೇನೆಯೇ ಎಂದು ಅವನು ನೋಡಿದ. ಕೊಕ್ಕೆಗೆ ಎರೆಹುಳ ಸಿಕ್ಕಿಸಿಕೊಟ್ಟು ಒಂದು ಬಂಡೆ ತೋರಿಸಿದ.

"ಇಲ್ಲೇ ಕೂತ್ಕೋ. ಮಾತಾಡ್ಬಾರ್ದು, ಕೂಗ್ಬಾರ್ದು. ನಾನು ಅಲ್ಲಿರ್ತೀನಿ."

ಅಲ್ಲಿ ಅಂದರೆ ನಲವತ್ತು ಹೆಜ್ಜೆ ದೂರ, ನೀರಿನ ಕಡೆ ಮುಖ, ನನ್ನ ಕಡೆ ಬೆನ್ನು. ಪಕ್ಕ ಕೂರುವುದು ಇರಲಿಲ್ಲ. ಅವನು ಅಲ್ಲಿಗೆ ಬರುತ್ತಿದ್ದುದೇ ಪಕ್ಕದಲ್ಲಿ ಯಾರೂ ಇರಬಾರದು ಎಂದು. ವಾರವೆಲ್ಲ ನೆಲದ ಕೆಳಗೆ ಹತ್ತು ಜನರ ಮೈಗೆ ಮೈ ತಾಗಿಸಿಕೊಂಡು, ಮೇಲೆ ಬಂದರೆ ತಟ್ಟಿಯ ಆಚೆ ಈಚೆ ಎಲ್ಲರ ಕೆಮ್ಮು ಕೇಳಿಸಿಕೊಂಡು ಬದುಕುವವನಿಗೆ ಇದೊಂದೇ ಜಾಗ ಎಂದು ಆಗ ನನಗೆ ಮಾತಿನಲ್ಲಿ ಹೊಳೆಯಲಿಲ್ಲ, ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು. ಮಂಜು ಎದ್ದಿತು. ಅವನ ಗಾಳದ ಬೆಂಡು ಒಮ್ಮೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿ ಪಕ್ಕಕ್ಕೆ ಓಡಿತು. ಉದ್ದಪ್ಪನ ತುದಿ ನೀರಿಗೆ ಬಾಗಿತು. ದೊಡ್ಡ ಮೀನು. ಅಪ್ಪ ಕೋಲು ಎತ್ತಲಿಲ್ಲ. ನೋಡಿಲ್ಲವೇನೋ ಎಂದು ಕೂಗಲು ಬಾಯಿ ತೆರೆದೆ. ಆಗ ಅವನ ಭುಜ ಕಂಡಿತು. ಚಳಿಗೆ ಅಲುಗುತ್ತಿದೆ ಅಂದುಕೊಂಡೆ. ಚಳಿಗೆ ಹಾಗೆ ಅಲುಗುವುದಿಲ್ಲ. ಕೋಲನ್ನು ಮಂಡಿಗಳ ನಡುವೆ ಸಿಕ್ಕಿಸಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದ. ಸದ್ದಿಲ್ಲ. ಮೀನು ಎಳೆದಷ್ಟು ಎಳೆದು ಹುಳ ಕಿತ್ತುಕೊಂಡು ಹೋಯಿತು, ತುದಿ ಎರಡು ಸಲ ಅಲುಗಾಡಿ ನಿಂತಿತು.

ಎದ್ದು ಹೋಗಬೇಕು ಅನ್ನಿಸಿತು. ನಲವತ್ತು ಹೆಜ್ಜೆ, ಅಷ್ಟೇ. ಅಷ್ಟು ದಿನ ಬೇಡಿಕೊಂಡದ್ದು ಅದಕ್ಕೇ ಅಲ್ಲವೇ. ನಾನು ಹೋಗಲಿಲ್ಲ. ಬಂಡೆಯ ಮೇಲೆ ಇನ್ನೊಂದು ಕಡೆ ತಿರುಗಿ, ನನ್ನ ಬೆನ್ನನ್ನೂ ಅವನ ಕಡೆ ಮಾಡಿ ಕೂತೆ. ಬಹಳ ಹೊತ್ತಿನ ಮೇಲೆ ಅವನು ಮುಖ ತೊಳೆದ ಸದ್ದು ಕೇಳಿಸಿತು.

ಮನೆಗೆ ಬಂದಾಗ ಅಮ್ಮ ನನ್ನ ಬಟ್ಟೆಯ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಳು. ಒರಳಿನಲ್ಲಿ ಮಸಾಲೆ ಅರೆದು ಮುಚ್ಚಿಟ್ಟಿದ್ದಳು.

"ಎಲ್ಲಿ ಮೀನು?"

ಅಪ್ಪ ಹೊಸಲಲ್ಲೇ ನಿಂತ. ಅವನು ಬಾಯಿ ತೆರೆಯುವ ಮೊದಲು ನಾನು ಹೇಳಿದೆ.

"ಚಳಿಗೆ ಮೀನು ತಳ ಬಿಟ್ಟು ಮೇಲಿಕ್ಕೆ ಬರಲ್ಲ ಅಮ್ಮ. ಒಂದೂ ಕಚ್ಲಿಲ್ಲ. ಇಬ್ರಿಗೂ."

ಅಪ್ಪ ನನ್ನನ್ನು ನೋಡಿದ. ಹೌದು ಅನ್ನುವ ಹಾಗೆ ತಲೆಯಾಡಿಸಿ ಕೈಕಾಲು ತೊಳೆಯಲು ಹೋದ. ಮರುದಿನವೂ ಅವನಿಗೆ ಬೆಳಗಿನ ಶಿಫ್ಟು. ನಾನು ಅಮ್ಮನ ಜೊತೆ ಬೂದಿಕೋಟೆಯ ಬಸ್ಸು ಹತ್ತುವ ಹೊತ್ತಿಗೆ ಅವನು ಗಣಿಗೆ ಇಳಿದಾಗಿತ್ತು.